ಹುಲಗೇಶನ ಹೆಸರಿನ ಸಾಲು

ಫಿಟರ್ ಹುಲಗೇಶ ತೀರಿಕೊಂಡು ಎರಡು ತಿಂಗಳಾಗಿತ್ತು. ಆದರೂ ವಿನಾಯಕನ ಕಂಪ್ಯೂಟರಿನಲ್ಲಿ ಅವನ ಹೆಸರು ಹಾಗೇ ಉಳಿದಿತ್ತು. ಮರೆವೇನಲ್ಲ. ಮಣ್ಣಿಗೆ ಹೋಗಿ ಬಂದವನು ವಿನಾಯಕ. ಮರುದಿನ ಹೆಂಡತಿಯನ್ನೂ ಕರೆದುಕೊಂಡು ಹೋಗಿ ಹುಲಗೇಶನ ಹೆಂಡತಿ ರೇಣುಕಾಳಿಗೆ ಸಮಾಧಾನ ಹೇಳಿದವನು. ಇವತ್ತು ತೆಗೆದರಾಯಿತು, ನಾಳೆ ತೆಗೆದರಾಯಿತು ಎಂದು ಬಿಟ್ಟಿದ್ದ, ಅಷ್ಟೆ. ಒಂದು ಮಂಗಳವಾರ ಆ ಹೆಸರು ಉಪಯೋಗಕ್ಕೆ ಬಂತು.

ತೆಲುಗು ಸೀಮೆಯ ನಾಚಾರಂನ ಆ ಕಾರ್ಖಾನೆಯಲ್ಲಿ ನೀರಿನ ಪಂಪುಗಳಿಗೆ ಕಂಟ್ರೋಲ್ ಪ್ಯಾನಲ್ ಕಟ್ಟುತ್ತಿದ್ದರು. ಯಾವ ಕೆಲಸ ಯಾರಿಗೆ, ಎಷ್ಟು ದಿನ ಎಂದು ಸಾಫ್ಟ್‌ವೇರಿನಲ್ಲಿ ಹಾಕಿ, ಯಾರ ಮೇಲೂ ಹೊರೆ ಹೆಚ್ಚಾಗದಂತೆ ನೋಡಿಕೊಳ್ಳುವುದು ಗದಗಿನ ಕಡೆಯ ವಿನಾಯಕನ ಕೆಲಸ. ದಿನಕ್ಕೆ ಎಂಟು ತಾಸು ಮೀರಿದರೆ ಆ ಹೆಸರು ಕೆಂಪಾಗುತ್ತದೆ. ಅವತ್ತು ಭರತನೂ ಸೇರಿ ಮೂವರು ಫಿಟರ್‌ಗಳ ಹೆಸರು ಕೆಂಪಾಗಿದ್ದವು. ಮ್ಯಾನೇಜರ್ ಕೌಶಲ್ ಬಂದು ಹಿಂದೆ ನಿಂತು, ನಾಳೆ ಮಾಲು ಕೊಳ್ಳುವ ಪಾರ್ಟಿಯವರು ನೋಡಲು ಬರುತ್ತಾರೆ, ಕೆಂಪು ಕಾಣಬಾರದು, ಮಾಲು ಕಳಿಸುವ ತಾರೀಖೂ ಬದಲಾಗಬಾರದು ಎಂದು ಹಿಂದಿಯಲ್ಲಿ ಹೇಳಿ ಹೋದ.

ವಿನಾಯಕ ಅರ್ಧ ತಾಸು ಕೆಲಸಗಳನ್ನು ಅತ್ತಿಂದಿತ್ತ ಸರಿಸಿ ನೋಡಿದ. ಒಬ್ಬರ ಕೆಂಪು ಹೋದರೆ ಇನ್ನೊಬ್ಬರದು ಬರುತ್ತಿತ್ತು. ಖಾಲಿ ಇದ್ದದ್ದು ಒಂದೇ ಸಾಲು. ಆರು ಪ್ಯಾನಲ್‌ಗಳ ವೈರಿಂಗನ್ನು ಎಳೆದು ಹುಲಗೇಶನ ಹೆಸರಿನ ಮುಂದೆ ಇಟ್ಟ. ಮೂವರ ಕೆಂಪೂ ಹೋಯಿತು. "ಬಹುತ್ ಬಢಿಯಾ" ಎಂದ ಕೌಶಲ್. ಫಿಟರ್‌ಗಳ ಹೆಸರು ಓದುವ ಅಭ್ಯಾಸ ಅವನಿಗಿರಲಿಲ್ಲ.

ಆ ಚಾರ್ಟಿನ ಒಂದು ಪ್ರತಿಯನ್ನು ಎಂದಿನಂತೆ ಹಾಜರಿ ಯಂತ್ರದ ಪಕ್ಕದ ಬೋರ್ಡಿಗೂ ಚುಚ್ಚಬೇಕಿತ್ತು. ಅಷ್ಟು ಸಣ್ಣ ಅಕ್ಷರ ಯಾರು ಓದುತ್ತಾರೆ ಎಂದುಕೊಂಡು ವಿನಾಯಕ ಚುಚ್ಚಿ ಬಂದ.

ಶುಕ್ರವಾರ ಊಟದ ಹೊತ್ತಿಗೆ ರೇಣುಕಾ ಅವನ ಟೇಬಲ್ಲಿನ ಹತ್ತಿರ ಬಂದು ನಿಂತಳು. ಗಂಡ ಹೋದಮೇಲೆ ಕಂಪನಿಯವರು ಅವಳನ್ನು ಪ್ಯಾಕಿಂಗಿಗೆ ತೆಗೆದುಕೊಂಡಿದ್ದರು.

"ಅಣ್ಣಾರ, ಒಂದು ಮಾತು ಕೇಳಬೇಕಿತ್ರಿ. ಬೋರ್ಡಿನ್ಯಾಗ ಇವರ ಹೆಸರು ಐತ್ರಿ. ನನಗ ಇಂಗ್ಲೀಷ್ ಓದಾಕ ಬರಂಗಿಲ್ಲ. ಆದ್ರ ಎರಡು ತಿಂಗಳಿಂದ ಎಲ್ಲಾ ಫಾರ್ಮಿನ್ಯಾಗೂ ಅದ ಹೆಸರು ನೋಡೀನಲ್ರಿ, ಗುರ್ತು ಸಿಕ್ತು."

ವಿನಾಯಕ ಬುತ್ತಿಯನ್ನು ಪಕ್ಕಕ್ಕೆ ಸರಿಸಿದ.

"ಮುಂದಿನ ಶನಿವಾರದ ತನಕ ಗೆರಿ ಎಳದಾರ್ರಿ. ಇವರ ಕೆಲಸ ಏನಾರ ಅರ್ಧಕ್ಕ ಉಳದೈತೇನ್ರಿ? ಇವರ ಜಾಗಾಕ್ಕ ನನ್ನ ತಗೊಂಡಾರ. ಅದನ್ನ ನಾನ ಮುಗಿಸಬೇಕೇನ್ರಿ?"

"ಛೇ, ಇಲ್ರಿ ಅಕ್ಕಾರ. ಅದು ಕಂಪ್ಯೂಟರಿನ ತಪ್ಪು. ಹಳೇ ಹೆಸರು ತಾನ ತಗೊಂಡುಬಿಟ್ಟೈತಿ."

"ಹೌದೇನ್ರಿ? ನಾ ಸುಮ್ಮನ ಗಾಬರಿ ಆಗಿದ್ನಿ." ಅವಳ ಮುಖ ಹಗುರಾಯಿತು. ಕೈಮುಗಿದು ಹೋದಳು.

ವಿನಾಯಕನಿಗೆ ಬುತ್ತಿ ಬಿಚ್ಚುವ ಮನಸ್ಸಾಗಲಿಲ್ಲ. ಹಾಳೆ ಕಿತ್ತು ತರೋಣವೆಂದು ಕೆಳಗಿಳಿದ. ಬೋರ್ಡಿನ ಹತ್ತಿರ ಬೀದರಿನ ಭರತ ಕೈ ಒರೆಸಿಕೊಳ್ಳುತ್ತ ನಿಂತಿದ್ದ.

"ಕಂಪ್ಯೂಟರ್ ತಪ್ಪಂತ ಅಂದ್ಳು ರೇಣುಕಕ್ಕ. ನಾವೂ ಹೌದು ಅಂದೀವ್ರಿ ಸರ್. ಮತ್ತೇನು ಹೇಳೂದು ಅಕಿಗೆ?"

"ನಿಮಗ ಮೊದಲ ಗೊತ್ತಿತ್ತೇನು?"

"ಬುಧವಾರ ಮುಂಜಾನೆನ ನೋಡೀವ್ರಿ. ಅಕ್ಕನ ಕಣ್ಣಿಗೆ ಬೀಳಬಾರದಂತ ಅದರ ಮ್ಯಾಗ ರಜಾದ ನೋಟಿಸ್ ಅಂಟಿಸಿದ್ವಿ. ನಿನ್ನಿ ಗಾಳಿಗೆ ಬಿದ್ದುಹೋಗೇದ." ಭರತ ಬೋರ್ಡಿನತ್ತ ಕೈ ತೋರಿಸಿ ಹೇಳಿದ: "ಹುಲಗೇಶಣ್ಣನ ಪ್ಯಾನಲ್ ನಾವ ಮೂರು ಮಂದಿ ಕಟ್ಟಾಕತ್ತೀವ್ರಿ. ದಿನಾ ಎರಡು ತಾಸು ಜಾಸ್ತಿ ಕೂತು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ವಿನಾಯಕ ಬೋರ್ಡಿನ ಹಾಳೆಯನ್ನು ಕಿತ್ತು ಮಡಿಸಿಕೊಂಡ. ತಾನು ಮಾಡಿದ್ದನ್ನು ಮೂರು ದಿನದಿಂದ ಇವರೆಲ್ಲ ಮುಚ್ಚಿಟ್ಟಿದ್ದರು. ಅದೂ ತನ್ನ ಮಾನ ಕಾಯಲಿಕ್ಕಲ್ಲ, ಅವಳ ಜೀವ ನೋಯಬಾರದೆಂದು.

ಮೇಲೆ ಬಂದು ಹುಲಗೇಶನ ಹೆಸರನ್ನು ಅಳಿಸಿ, ಆರು ಪ್ಯಾನಲ್‌ಗಳನ್ನು ಆ ಮೂವರಿಗೇ ಮರಳಿ ಹಾಕಿದ. ಮೂರು ಹೆಸರುಗಳು ಮತ್ತೆ ಕೆಂಪಾದವು. ಎಂಟು ತಾಸಿನೊಳಗೆ ಬರುವಂತೆ ಕೆಲಸ ಮುಂದಕ್ಕೆ ಸರಿಸಿದಾಗ ಮಾಲು ಕಳಿಸುವ ತಾರೀಖು ಒಂಬತ್ತು ದಿನ ಮುಂದೆ ಹೋಯಿತು. ಆ ಹೊಸ ಚಾರ್ಟನ್ನೇ ಹಿಡಿದುಕೊಂಡು ಕೌಶಲ್‌ನ ಕೋಣೆಗೆ ಹೋದ.

"ಹಾಗಾದರೆ ಮಂಗಳವಾರ ಹೇಗೆ ಸರಿಯಿತ್ತು?" ಎಂದು ಕೇಳಿದ ಕೌಶಲ್.

"ಸತ್ತವನ ಹೆಸರಿಗೆ ಕೆಲಸ ಹಾಕಿದ್ದೆ ಸರ್."

ಬಾಯಿಬಿಟ್ಟು ಹೇಳಿದ ಮೇಲೆಯೇ ಅದು ಎಂಥ ಮಾತೆಂದು ಅವನಿಗೆ ಕೇಳಿಸಿತು. ಕೌಶಲ್ ಫೋನನ್ನು ಅವನ ಮುಂದೆ ತಳ್ಳಿದ. "ಪಾರ್ಟಿಗೆ ನೀನೇ ಹೇಳು."

ಆಚೆಯ ಎಂಜಿನಿಯರ್ ಪೂರ್ತಿ ಕೇಳಲೂ ಇಲ್ಲ. ಒಂಬತ್ತು ದಿನ ತಾನೆ, ಅಲ್ಲಿ ಕಟ್ಟಡವೇ ಇನ್ನೂ ಆಗಿಲ್ಲ, ಮೇಲ್ ಹಾಕಿಬಿಡಿ ಎಂದ. ಎರಡು ನಿಮಿಷದ ಮಾತು. ಈ ಎರಡು ನಿಮಿಷಕ್ಕೆ ಅಂಜಿ ಅಂಥ ಕೆಲಸ ಮಾಡಿದೆನಲ್ಲ ಎಂದುಕೊಂಡ ವಿನಾಯಕ. ಕೌಶಲ್ ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಪ್ಯಾಕಿಂಗಿನಲ್ಲಿ ರೇಣುಕಾ ಪೆಟ್ಟಿಗೆಗಳಿಗೆ ಟೇಪು ಹಚ್ಚುತ್ತಿದ್ದಳು. ವಿನಾಯಕ ಹತ್ತಿರ ಹೋಗಿ ನಿಂತು, "ಅಕ್ಕಾರ, ಕಂಪ್ಯೂಟರ್ ತಪ್ಪಲ್ರಿ ಅದು. ನಾನ ಹಾಕಿದ್ದೆ. ಗೊತ್ತಿದ್ದೂ ಹಾಕಿದ್ದೆ" ಎಂದ.

ಟೇಪು ಎಳೆಯುವ ಸದ್ದು ನಿಂತಿತು.

"ಅವರು ಇಲ್ಲಂತ ಗೊತ್ತಿದ್ದೂ ಹಾಕಿದ್ರಿ?"

"ಹೌದ್ರಿ."

"ನಿನ್ನಿ ಸಂಜಿಗೆ ಭರತಣ್ಣನ ಮುಂದ ಕೂತು ವೈರಿನ ತುದಿ ಸುಲಿಯೋದು ಕಲ್ತೀನ್ರಿ. ಅವರ ಕೆಲಸ ಬಾಕಿ ಬಿತ್ತಂತ ಯಾರೂ ಅನಬಾರ್ದಂತ." ಅವಳು ಎಡಗೈಯ ಹೆಬ್ಬೆರಳನ್ನು ನೋಡಿಕೊಂಡಳು. ಅಲ್ಲೊಂದು ಹೊಸ ಗಾಯವಿತ್ತು. "ಭರತಣ್ಣ ಬ್ಯಾಡ ಅನ್ನಲಿಲ್ಲ. ಯಾಕ ಅನ್ನಲಿಲ್ಲಂತ ಈಗ ತಿಳೀತು. ಅಂದಿದ್ರ ನೀವು ಮಾಡಿದ್ದು ನನಗ ಹೇಳಬೇಕಾಗ್ತಿತ್ತು."

ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಆ ಗಾಯ ಕಂಡ ಮೇಲೆ ಆ ಮಾತು ಸಾಲದೆನಿಸಿತು.

ಹೊರಗೆ ಲಾರಿ ಬಂದು ನಿಂತ ಸದ್ದಾಯಿತು. ರೇಣುಕಾ ಪೆಟ್ಟಿಗೆಯನ್ನು ಎತ್ತಿಕೊಂಡಳು. ಅವನು ಬಾಗಿಲಿಗೆ ಅಡ್ಡವಾಗಿ ನಿಂತಿದ್ದ.

"ಸ್ವಲ್ಪ ಸರೀರಿ," ಎಂದಳು.

ವಿನಾಯಕ ಗೋಡೆಗೆ ಒತ್ತಿ ನಿಂತ. ಅವಳು ಅವನ ಕಡೆ ನೋಡದೆ ಪೆಟ್ಟಿಗೆ ಹೊತ್ತು ಹೋದಳು.