ಧೈರ್ಯದ ಸುತ್ತು

ಅಣ್ಣ ಬಂದಾಗ ನಾನು ನನ್ನ ರಿಪೇರಿ ಅಂಗಡಿಯ ಬಾಗಿಲು ಎಳೆಯುವುದರಲ್ಲಿದ್ದೆ. ಬೆಳಿಗ್ಗೆಯಿಂದ ಉಜ್ಜಿದ ಕಾರ್ಬನ್ ಪುಡಿ ಮೂಗಿನ ಎರಡೂ ಬದಿ ಕಪ್ಪಾಗಿ ಕೂತಿತ್ತು. ಬಲಭುಜ ಎತ್ತಲು ಬರುತ್ತಿರಲಿಲ್ಲ. ಅವನು ಹಳೆಯ ಹೊದಿಕೆಯಲ್ಲಿ ಸುತ್ತಿದ ಸೈಕಲ್ ಫ್ರೇಮೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ನಿಂತಿದ್ದ. ಗೋದಾಮಿನ ಪಾಳಿ ಮುಗಿಸಿ ನೇರವಾಗಿ ಬಂದವನು. ಕೊರಳಲ್ಲಿ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು.

"ಬಾಗಿಲು ಹಾಕ್ತಿದ್ಯಾ?"

"ಹಾಕ್ತಿದ್ದೆ."

"ಹಾಗಿದ್ರೆ ಒಳಗಿಂದ ಹಾಕು," ಎಂದು ನನ್ನನ್ನು ದಾಟಿಕೊಂಡು ಒಳಗೆ ಬಂದ.

ಹೊದಿಕೆ ಬಿಚ್ಚುವ ಮೊದಲೇ ಒಳಗೇನಿದೆ ಎಂದು ನನಗೆ ಗೊತ್ತಿತ್ತು. ಅವನ ಮಗಳನ್ನು ನಾವೆಲ್ಲ ಕೊಕ್ಕರೆ ಅಂತ ಕರೆಯುತ್ತೇವೆ. ಅವಳ ಕಾಲು ನೋಡಿದವರು ಯಾರೂ ಯಾಕೆಂದು ಕೇಳಿಲ್ಲ. ಭಾನುವಾರ ಗುಡ್ಡದ ರೇಸು. ಹತ್ತಿ ಇಳಿದು ಮೊದಲು ಬಂದ ಕೆಲವರನ್ನು ತಂಡಕ್ಕೆ ಆರಿಸಿಕೊಳ್ಳುತ್ತಾರೆ. ತಂಡಕ್ಕೆ ಸೇರಿದರೆ ಸೈಕಲ್ಲೂ ಅವರದೇ, ತರಬೇತಿಯೂ ಅವರದೇ. ಬರುವ ವರ್ಷ ಕೊಕ್ಕರೆಯ ವಯಸ್ಸು ಮೀರುತ್ತದೆ. ಮನೆಯಲ್ಲಿ ಹಗುರವಾದ ಸೈಕಲ್ಲು ಅಂತ ಇದ್ದದ್ದು ಒಂದೇ: ಅವಳು ಹುಟ್ಟುವ ಮೊದಲು, ತಾನೇ ರೇಸಿಗೆ ಹೋಗುತ್ತಿದ್ದ ಕಾಲದಲ್ಲಿ, ಅಣ್ಣ ಯಾರದೋ ಕೈಯಿಂದ ಕೊಂಡ, ಕಾರ್ಬನ್ ಎಳೆಯ ಪದರಗಳನ್ನು ಅಂಟಿಸಿ ಮಾಡಿದ ಸೈಕಲ್ಲು.

ಅಂಥವನ್ನು ಇನ್ನೂ ಓಡಿಸಬಹುದೋ ಬಾರದೋ ಎಂದು ಹೇಳುವುದು ನನ್ನ ಕೆಲಸ. ಕಬ್ಬಿಣ ಸೊಟ್ಟಗಾಗಿ ಮೊದಲೇ ಎಚ್ಚರಿಸುತ್ತದೆ. ಕಾರ್ಬನ್ನಿಗೆ ಆ ಮರ್ಯಾದೆ ಇಲ್ಲ. ಮೇಲೆ ಪೇಂಟು ಹೊಳೆಯುತ್ತಲೇ ಇರುತ್ತದೆ, ಒಳಗೆ ಪದರ ಬಿಟ್ಟುಕೊಂಡಿರುತ್ತದೆ, ಯಾವತ್ತೋ ಒಂದು ದಿನ ಇಳಿಜಾರಿನಲ್ಲಿ ಕೈಕೊಡುತ್ತದೆ.

"ಸುಮ್ನೆ ಒಂದ್ಸಲ ನೋಡು. ಏನೂ ಆಗಿಲ್ಲ ಅಂತ ನನಗೆ ಗೊತ್ತು. ನಿನ್ನ ಅತ್ತಿಗೆ ಇದೇ ಯೋಚನೇಲಿ ತಾನೂ ಮಲಗಲ್ಲ, ನನಗೂ ಮಲಗೋಕೆ ಬಿಡಲ್ಲ."

"ಗೊತ್ತಿದ್ದ ಮೇಲೆ ನನ್ನ ಹತ್ರ ಯಾಕೆ ತಂದೆ?"

"ತಂಗಿ ಕೈಲಿ ಬೈಸ್ಕೊಂಡು ಬಹಳ ದಿನ ಆಗಿತ್ತು."

ಚಕ್ರ, ಹ್ಯಾಂಡಲ್ಲು, ಪೆಡಲ್ಲು ಎಲ್ಲ ಬಿಚ್ಚಿ ತಂದಿದ್ದ. ಸೀಟ್ ಪಿಲ್ಲರ್ ಮಾತ್ರ, ಅಂದರೆ ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಪೈಪು, ಹಾಗೇ ಇತ್ತು. ನಾನು ಅದಕ್ಕೆ ಕೈಹಾಕಿದ ಕೂಡಲೇ ಅಣ್ಣ ತಡೆದ.

"ಅದನ್ನ ಮುಟ್ಬೇಡ ಮಾರಾಯ್ತಿ. ಕೊಕ್ಕರೆ ಕಾಲಿಗೆ ಸರಿಯಾಗಿ ಎತ್ತರ ಕೂರಿಸಿದ್ದೀನಿ. ಕೂರಿಸೋ ಅಷ್ಟರಲ್ಲಿ ಜೀವ ಬಾಯಿಗೆ ಬಂತು."

ಆಗ ವಾದ ಮಾಡುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ಕೊನೆಗೆ ನೋಡಿದರಾಯಿತು ಎಂದು ಬಿಟ್ಟೆ.

ಸೋಪಿನ ನೀರಲ್ಲಿ ಒರೆಸಿ, ಒಣಗಿಸಿ, ಫ್ರೇಮನ್ನು ಸ್ಟ್ಯಾಂಡಿಗೆ ಹಾಕಿದೆ. ದೀಪವನ್ನು ನೇರವಾಗಿ ಹಿಡಿದರೆ ಏನೂ ಕಾಣುವುದಿಲ್ಲ. ಪಕ್ಕದಿಂದ ಹಿಡಿದರೆ ಕೂದಲೆಳೆಯಷ್ಟು ಬಿರುಕೂ ನೆರಳು ಬೀಳಿಸುತ್ತದೆ. ಅಣ್ಣ ಸ್ಟೂಲಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದ. ಅವನ ಕಣ್ಣು ಇದ್ದದ್ದು ಒಂದೇ ಕಡೆ: ಕೆಳಗಿನ ದಪ್ಪ ಪೈಪಿನ ಮೇಲೆ, ಅಂಗೈ ಉದ್ದದ ಬಿಳಿ ಗೀರು. ತಿರುವೊಂದರಲ್ಲಿ ಕೊಕ್ಕರೆ ಜಾರಿಬಿದ್ದಾಗ ಆದದ್ದು. ಅತ್ತಿಗೆಯ ನಿದ್ದೆ ಕೆಡಿಸಿದ್ದು ಆ ಗೀರೇ.

ಮೊದಲು ಹತ್ತಿ. ಒಂದು ಉಂಡೆ ಹತ್ತಿಯನ್ನು ಗೀರಿನ ಮೇಲೆ ನಿಧಾನವಾಗಿ ಎಳೆದೆ. ಕಾರ್ಬನ್ ಎಳೆ ತುಂಡಾಗಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಲಿಲ್ಲ. ಆಮೇಲೆ ನಾಣ್ಯ. ಚಲಾವಣೆಯಿಂದ ಹೋದ ಒಂದು ದಪ್ಪ ನಾಣ್ಯ ನನ್ನ ಮೇಜಿನ ಮೇಲೆ ಯಾವಾಗಲೂ ಇರುತ್ತದೆ. ಅದರ ಅಂಚಿನಿಂದ ಮೆಲ್ಲಗೆ ಬಡಿಯುತ್ತ ಹೋಗಬೇಕು. ಗಟ್ಟಿಯಿದ್ದ ಕಡೆ ಟಕ್ ಟಕ್ ಅನ್ನುವ ಒಣ ಸದ್ದು. ಪದರ ಬಿಟ್ಟ ಕಡೆ ಒದ್ದೆ ಹಲಗೆ ತಟ್ಟಿದಂತೆ, ದಪ್.

ಗೀರಿನ ಮೇಲೆ, ಕೆಳಗೆ, ಸುತ್ತ ಬಡಿದೆ. ಎಲ್ಲ ಕಡೆ ಟಕ್.

"ಪೇಂಟು ಮಾತ್ರ ಹೋಗಿದೆ. ಒಳಗೆ ಏನೂ ಆಗಿಲ್ಲ."

"ನೋಡಿದ್ಯಾ!" ಅಣ್ಣ ಎದ್ದೇಬಿಟ್ಟ. "ಬೊಗಳ್ತಾ ಇದ್ನಲ್ಲ ನಾನು? ಯಾರಾದ್ರೂ ಕೇಳಿದ್ರಾ?"

"ಇನ್ನೂ ಮುಗಿದಿಲ್ಲ. ಕೂತ್ಕೋ."

ಅವನು ಕೂರಲಿಲ್ಲ. ನಾನು ಚೈನು ಬಿದ್ದು ಆದ ಹಲ್ಲಿನ ಗುರುತುಗಳನ್ನು ನೋಡುತ್ತಿದ್ದೆ. ಪೆಡಲ್ ಕೂರುವ ಲೋಹದ ಬಳೆಯ ಸುತ್ತ ಪೇಂಟು ಗುಳ್ಳೆ ಎದ್ದಿದೆಯೇ ಎಂದು ಉಗುರಿನಿಂದ ಒತ್ತುತ್ತಿದ್ದೆ. ಅಷ್ಟರಲ್ಲಿ ಅವನು ಫೋನು ಹಚ್ಚಿ ಕಿವಿಗಿಟ್ಟುಕೊಂಡಾಗಿತ್ತು.

"ಹಲೋ, ಕೊಕ್ಕರೆ? ಪಾಸು ಕಣೇ! ನಿಮ್ಮತ್ತೆ ಬಾಯಿಂದಾನೇ ಬಂತು. ಅಮ್ಮಂಗೆ ಹೇಳು, ಇವತ್ತಾದ್ರೂ ಮಲಗ್ಲಿ."

ಫೋನಿನಾಚೆ ಹುಡುಗಿ ಕಿರುಚಿದ್ದು ನನಗೂ ಕೇಳಿಸಿತು. ನಾಣ್ಯ ಹಿಡಿದು ಮೇಲಕ್ಕೆ ಬಡಿಯುತ್ತ ಬಂದೆ. ಸೀಟ್ ಪಿಲ್ಲರನ್ನು ಹಿಡಿದುಕೊಳ್ಳುವ ಕ್ಲಾಂಪಿನ ಹತ್ತಿರ ಬಂದಾಗ ಸದ್ದು ಒಂದು ಸಲ ಬದಲಾಯಿತು. ಇನ್ನೊಂದು ಸಲ ಬಡಿದೆ. ದಪ್.

"ಅಣ್ಣ, ಇದನ್ನ ಬಿಚ್ಚಲೇಬೇಕು."

"ಹೇಳಿದ್ನಲ್ಲ, ಎತ್ತರ..."

"ಎತ್ತರಕ್ಕೆ ಟೇಪು ಅಂಟಿಸ್ತೀನಿ. ಬಿಚ್ಚು."

ಕ್ಲಾಂಪಿನ ಬೋಲ್ಟು ನನ್ನ ಕೈಗೆ ಜಗ್ಗಲಿಲ್ಲ. ಅವನೇ ಬಂದು ಹಲ್ಲು ಕಚ್ಚಿ ಬಿಚ್ಚಿದ. ಪಿಲ್ಲರ್ ಮೇಲೆಳೆದರೆ ಬೆಣ್ಣೆಯಲ್ಲಿ ಅದ್ದಿದಂತೆ ಜಾರಿಕೊಂಡು ಬಂತು. ನನ್ನ ಬೆರಳೆಲ್ಲ ಹಳದಿ ಗ್ರೀಸ್.

ಕ್ಲಾಂಪು ಮುಚ್ಚಿದ್ದ ಜಾಗವನ್ನು ಒರೆಸಿ ದೀಪ ಹಿಡಿದೆ. ಫ್ರೇಮಿನ ಬಾಯಲ್ಲಿ ಬಿಗಿಯುವುದಕ್ಕೆಂದೇ ಬಿಟ್ಟ ಒಂದು ಸೀಳು ಇರುತ್ತದೆ. ಆ ಸೀಳಿನ ತುದಿಯಿಂದ ಒಂದು ಬಿರುಕು ಹೊರಟು, ಹಿಂದಕ್ಕೆ ತಿರುಗಿ, ಮೂರು ಪೈಪು ಸೇರುವ ಗಂಟಿನ ತನಕ ಹೋಗಿತ್ತು. ಹತ್ತಿ ಎಳೆದೆ. ಸಿಕ್ಕಿಕೊಂಡಿತು. ಬಿಳಿ ಹತ್ತಿಯ ಒಂದು ಎಳೆ ಕಪ್ಪು ಫ್ರೇಮಿನ ಮೇಲೆ ನಿಂತುಬಿಟ್ಟಿತು, ನಾನು ತೆಗೆಯಲಿಲ್ಲ.

"ಇದಕ್ಕೆ ಗ್ರೀಸ್ ಯಾಕೆ ಹಾಕಿದೆ?"

"ಕಿರ್ ಕಿರ್ ಅಂತಿತ್ತು. ಹಾಕದೆ? ಅಪ್ಪ ಹಾಕ್ತಿರಲಿಲ್ವಾ?"

"ಆಮೇಲೆ ಸೀಟು ಇಳಿಯೋಕೆ ಶುರುವಾಯ್ತು."

"ಹೌದು, ಇಳೀತಿತ್ತು. ನಿನಗೆ ಯಾರು ಹೇಳಿದ್ದು?"

"ಅದಕ್ಕೆ ಬಿಗಿ ಮಾಡಿದೆ."

"ಬಿಗಿ ಮಾಡಿದೆ. ಮತ್ತೆ ಇಳೀತು. ಮತ್ತೆ ಮಾಡಿದೆ." ಅವನ ದನಿ ಸಣ್ಣದಾಯಿತು. "ಎಷ್ಟಾಗುತ್ತೋ ಅಷ್ಟು. ಅದರ ಮೇಲೆ, ಗೊತ್ತಲ್ಲ, ಧೈರ್ಯದ ಸುತ್ತು."

ಗೊತ್ತಿತ್ತು. ಅಪ್ಪನದು ಸೈಕಲ್ ಅಂಗಡಿ, ಎಲ್ಲ ಕಬ್ಬಿಣದ ಸೈಕಲ್ಲುಗಳ ಕಾಲ. ನಟ್ಟು ಪೂರ್ತಿ ಬಿಗಿಯಾದ ಮೇಲೂ ಅಪ್ಪ ಸ್ಪ್ಯಾನರ್ ತೆಗೆಯುತ್ತಿರಲಿಲ್ಲ. ಒಮ್ಮೆ ಉಸಿರು ಬಿಟ್ಟು, ಮೈಭಾರವನ್ನೆಲ್ಲ ತೋಳಿಗೆ ತಂದು ಇನ್ನೊಂದು ಸಲ ಎಳೆಯುತ್ತಿದ್ದ. "ಇದು ಗಿರಾಕಿ ಧೈರ್ಯಕ್ಕೆ" ಅನ್ನುತ್ತಿದ್ದ. ಅಪ್ಪ ಬಿಗಿದ ಸೈಕಲ್ಲು ಕಳಚಿಬಿದ್ದದ್ದನ್ನು ಯಾರೂ ಕಂಡಿಲ್ಲ. ಅಂಗಡಿ ಹೋಯಿತು, ಆ ಸುತ್ತು ಅಣ್ಣನ ಕೈಯಲ್ಲಿ ಉಳಿಯಿತು. ಅವನ ಮನೆಯಲ್ಲಿ ನಲ್ಲಿ ತಿರುಗಿಸಲು ಅವನೇ ಬೇಕು, ಡಬ್ಬಿ ತೆರೆಯಲು ಅವನೇ ಬೇಕು. ಅವನು ಪಾಳಿಗೆ ಹೋದ ಮೇಲೆ ಉಪ್ಪಿನ ಡಬ್ಬಿ ತೆರೆಯಲಾಗದೆ ಅತ್ತಿಗೆ ಸಪ್ಪೆ ಅಡುಗೆ ಮಾಡಿದ್ದೂ ಉಂಟು.

ಕಾರ್ಬನ್ನಿಗೆ ಗ್ರೀಸ್ ಹಚ್ಚಿದರೆ ಹಿಡಿತ ತಪ್ಪುತ್ತದೆ. ಹಿಡಿತ ತಪ್ಪಿದ್ದನ್ನು ಬಿಗಿದರೆ ಒಡೆಯುತ್ತದೆ. ಇದನ್ನು ನಾನು ಬಂದವರಿಗೆಲ್ಲ ಹೇಳಿ ಹೇಳಿ ನಾಲಿಗೆ ಸವೆದಿದೆ. ಅಣ್ಣನಿಗೆ ಮಾತ್ರ ಹೇಳಿರಲಿಲ್ಲ. ಸೈಕಲ್ಲಿನ ಮನೆಯಲ್ಲಿ ಹುಟ್ಟಿದವನಿಗೆ ಹೇಳುವುದೇನು ಅಂತ.

"ಪಟ್ಟಿ ಹಾಕಿ ಕೊಡು. ಬೇರೆಯವರಿಗೆಲ್ಲ ಹಾಕ್ತೀಯಲ್ಲ."

"ಈ ಜಾಗದಲ್ಲಿ ಆಗಲ್ಲ. ಒಳಗಿಂದ ಹಾಕಿದ್ರೆ ಪಿಲ್ಲರ್ ಇಳಿಯಲ್ಲ, ಹೊರಗಿಂದ ಹಾಕಿದ್ರೆ ಕ್ಲಾಂಪು ಕೂರಲ್ಲ. ಗಂಟೇ ಒಡೆದಿದೆ ಅಣ್ಣ."

"ಒಂದೇ ರೇಸು ಕಣೇ. ಒಂದು ಭಾನುವಾರ. ಆಮೇಲೆ ಗೋಡೆಗೆ ತೂಗು ಹಾಕ್ತೀನಿ."

ಗೋಡೆಗೆ ತೂಗು ಹಾಕುತ್ತೇನೆ ಎಂದು ಒಯ್ದವರನ್ನು ಬಹಳ ನೋಡಿದ್ದೇನೆ. ಅವರ ಮನೆಯ ಗೋಡೆಯಲ್ಲಿ ಒಂದು ಮೊಳೆಯೂ ಇರುವುದಿಲ್ಲ. ಅದಕ್ಕೇ ನನ್ನಲ್ಲಿ ಫೇಲಾದ ಫ್ರೇಮನ್ನು ಇಲ್ಲೇ ಕೊಯ್ದು ಎರಡು ತುಂಡು ಮಾಡಿ ಕಳಿಸುವುದು ರೂಢಿ. ಆದರೆ ಫ್ರೇಮ್ ತಂದವರು ಒಪ್ಪಬೇಕು.

"ಇಳಿಯುವಾಗ ಸೀಟು ಮುರಿದ್ರೆ ಅವಳು ಎಲ್ಲಿಗೆ ಬೀಳ್ತಾಳೆ ಅಂತ ನಾನು ಬಿಡಿಸಿ ಹೇಳ್ಬೇಕಾ?"

"ಸೇತುವೆ ಹತ್ರದ ಅಂಗಡಿಯವನು ಪಾಸ್ ಮಾಡ್ತಾನೆ."

"ಮಾಡ್ತಾನೆ. ಅವನಿಗೆ ಕೊಕ್ಕರೆ ಏನಾಗ್ಬೇಕು?"

ಅವನು ಹೊದಿಕೆ ಕೊಡವಿದ. ಫ್ರೇಮನ್ನು ಸ್ಟ್ಯಾಂಡಿನಿಂದ ಎತ್ತಿಕೊಳ್ಳಲು ಬಂದ. ಅವನನ್ನು ತಡೆದು ನಿಲ್ಲಿಸುವ ಶಕ್ತಿ ನನ್ನ ಭುಜದಲ್ಲೂ ಇರಲಿಲ್ಲ, ಬಾಯಲ್ಲೂ ಇರಲಿಲ್ಲ. ಇವನು ಮನೆಗೆ ಹೋಗಿ ಚಕ್ರ ಜೋಡಿಸುತ್ತಾನೆ. ಅತ್ತೆ ಪಾಸು ಅಂದಿದ್ದಾಳೆ ಅಂತ ಆ ಹುಡುಗಿ ಬ್ರೇಕ್ ಹಿಡಿಯದೆ ಇಳಿಯುತ್ತಾಳೆ.

"ಸರಿ, ತಗೊಂಡು ಹೋಗೋದಾದ್ರೆ ಹೋಗು. ಮೊದಲು ಪಿಲ್ಲರ್ ಇಲ್ಲೇ ಹಾಕು, ನನ್ನ ಎದುರಿಗೆ," ಎಂದೆ. ಪೇಸ್ಟಿನ ಟ್ಯೂಬು ಕೊಟ್ಟೆ, ಮರಳಿನಂತೆ ತರಿತರಿಯಾದದ್ದು, ಹಿಡಿತಕ್ಕೆಂದೇ ಹಚ್ಚುವುದು. ಅಳತೆಯ ಸ್ಪ್ಯಾನರನ್ನೂ ಕೊಟ್ಟೆ. "ಎಷ್ಟು ಬೇಕೋ ಅಷ್ಟು ಬಿಗಿಯಾದ್ರೆ ಇದು ಕಟ್ ಅನ್ನುತ್ತೆ. ಅಲ್ಲಿಗೆ ನಿಲ್ಸು. ಇದೇ ಪರೀಕ್ಷೆ."

ಯಾವುದರ ಪರೀಕ್ಷೆ ಎಂದು ನಾನು ಹೇಳಲಿಲ್ಲ.

"ಸ್ಪ್ಯಾನರ್ ಹೇಳಿದ್ದು ನಾನು ಕೇಳ್ಬೇಕಾ? ನಿನ್ನ ಅತ್ತಿಗೆ ಹೇಳಿದ್ದೇ ಕೇಳಿಲ್ಲ," ಎಂದು ನಗಲು ನೋಡಿದ. ಪಿಲ್ಲರನ್ನು ಒರೆಸಿ, ಪೇಸ್ಟು ಹಚ್ಚಿ, ಟೇಪಿನ ಗುರುತಿಗೆ ಇಳಿಸಿ, ಬೋಲ್ಟು ತಿರುಗಿಸಿದ. ಕಟ್ ಅಂದಿತು. ನಿಲ್ಲಿಸಿದ. ಸ್ಪ್ಯಾನರ್ ಕೆಳಗಿಟ್ಟು ಸೀಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿದ. ಕದಲಲಿಲ್ಲ. ನನ್ನ ಕಡೆ ನೋಡಿದ. ನಾನು ಪೇಸ್ಟಿನ ಟ್ಯೂಬಿಗೆ ಮುಚ್ಚಳ ಹಾಕಿದೆ.

ಇನ್ನೊಮ್ಮೆ ತಿರುಚಿದ. ಆಗಲೂ ಕದಲಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಆದರೆ ಅವನ ಕೈ ಮೇಜಿನ ಮೇಲೆ ತಡಕಾಡಿತು, ಅಲ್ಲೇ ಬಿದ್ದಿದ್ದ ಸಾದಾ ಸ್ಪ್ಯಾನರನ್ನು ಎತ್ತಿಕೊಂಡಿತು, ಬೋಲ್ಟಿಗೆ ಕೂರಿಸಿತು. ಉಸಿರು ಬಿಟ್ಟ. ಅಪ್ಪನದೇ ಉಸಿರು. ಎಳೆದ.

ಕರಕ್ ಎಂದಿತು. ದೊಡ್ಡ ಸದ್ದೇನಲ್ಲ. ಸೀಳಿನ ಒಂದು ಅಂಚು ಇನ್ನೊಂದರ ಕೆಳಗೆ ಹೋಗಿ ಕೂತಿತು. ಸೀಟು ವಾಲಿತು.

ಅಣ್ಣ ಸ್ಪ್ಯಾನರ್ ಹಿಡಿದೇ ನಿಂತಿದ್ದ. "ನಿನಗೆ ಗೊತ್ತಿತ್ತು," ಎಂದ.

"ಗೊತ್ತಿತ್ತು."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ?"

"ಹೇಳಿದೆ. ನೀನು ಹೊದಿಕೆ ಕೊಡವ್ತಾ ಇದ್ದೆ."

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ನಮ್ಮಿಬ್ಬರ ನಡುವೆ ಇಟ್ಟ. ಮಾತಾಡುವುದು ನನ್ನ ಪಾಲಿಗೆ ಬರಲಿ ಎಂದೋ ಏನೋ. ನಾನು ಅದನ್ನು ಅವನ ಕಡೆಗೇ ಸರಿಸಿದೆ.

"ಪಾಸಾಗಿಲ್ಲ ಮಗಾ," ಎಂದ.

"ಈಗ ತಾನೇ ಪಾಸು ಅಂದೆ?"

"ಸೀಟಿನ ಹತ್ರ ಒಡೆದಿದೆ."

"ಧೈರ್ಯದ ಸುತ್ತಾ ಅಪ್ಪ?"

ಅಣ್ಣ ಮೊಣಕಾಲು ನೀವಿಕೊಂಡ.

"ಭಾನುವಾರ ನಾನು ಯಾವುದ್ರಲ್ಲಿ ಹೋಗ್ಲಿ ಹಾಗಾದ್ರೆ?"

"ನನ್ನ ಸೈಕಲ್ಲು ತಗೋ," ಎಂದೆ ನಾನು.

"ಅತ್ತೆ, ನಿನ್ನದು ಎಮ್ಮೆ."

"ಎಮ್ಮೆನೂ ಗುಡ್ಡ ಹತ್ತುತ್ತೆ ಕಣೇ."

"ಹತ್ತುತ್ತೆ. ಬಹುಮಾನ ಕೊಟ್ಟು ಎಲ್ಲರೂ ಮನೆಗೆ ಹೋದ ಮೇಲೆ." ಅವಳ ದನಿ ಒಡೆಯಿತು. ಫೋನಿಟ್ಟಳು.

ಅವಳು ಹೇಳಿದ್ದು ಸರಿ. ನನ್ನದು ದಿನಾ ಕೆಲಸಕ್ಕೆ ಬರುವ ಅಲ್ಯುಮಿನಿಯಂ ಸೈಕಲ್ಲು, ಭಾರ. ಅದರಲ್ಲಿ ಅವಳು ಆಯ್ಕೆಯಾಗುವುದು ಕಷ್ಟ.

ಅವನೇ ಫ್ರೇಮನ್ನು ಒಂದು ಕಡೆ ಹಿಡಿದುಕೊಂಡ, ನಾನು ಗರಗಸ ಎಳೆದೆ. ಭುಜ ಸೋತಾಗ ಗರಗಸ ಅವನು ತೆಗೆದುಕೊಂಡ. ಎರಡು ತುಂಡಾದ ಮೇಲೆ ಒಳಗೆ ಇಣುಕಿ ನೋಡಿದ. "ಬರೀ ಟೊಳ್ಳು," ಎಂದ.

ನನ್ನ ಸೈಕಲ್ಲಿನ ಸೀಟನ್ನು ಕೊಕ್ಕರೆಯ ಕಾಲಿಗೆ ಎತ್ತರಿಸಬೇಕಿತ್ತು. ಅಳತೆಯ ಸ್ಪ್ಯಾನರ್ ಅವನ ಕೈಗೆ ಕೊಟ್ಟು ಎದುರಿಗೆ ನಿಂತೆ. ಕಟ್ ಅಂದಿತು. ಕೈ ತೆಗೆದ. "ಸಾಕಾ?" ಎಂದು ಕೇಳಿದ.

"ಸಾಕು."

"ಇಷ್ಟೇ?"

"ಇಷ್ಟೇ ಅಣ್ಣ."

ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿದ. ನಾನು ಕಾರ್ಬನ್ ಪುಡಿ ಗುಡಿಸಿ, ಕೈಯ ಗ್ರೀಸ್ ತೊಳೆದೆ. ಮನೆಗೆ ಇವತ್ತು ನಡೆದೇ ಹೋಗಬೇಕು. ಕಿಟಕಿ ಹಾಕಲು ಹೋದಾಗ ಅವನು ಇನ್ನೂ ಬೀದಿಯಲ್ಲೇ ಇದ್ದ. ಕಂಬದ ಬೆಳಕಿನ ಕೆಳಗೆ ಸೈಕಲ್ಲನ್ನು ಗೋಡೆಗೆ ಒರಗಿಸಿ, ಪ್ಯಾಂಟಿನ ಜೇಬಿನಿಂದ ಏನೋ ತೆಗೆದು, ಸೀಟಿನ ಕೆಳಗೆ ಬಗ್ಗಿ, ಒಮ್ಮೆ ನಿಂತ. ಆಮೇಲೆ ಮೈಭಾರವನ್ನೆಲ್ಲ ತೋಳಿಗೆ ತಂದು ಎಳೆದ.

ಕೂಗಬೇಕೆಂದು ಕಿಟಕಿಯ ಸರಳು ಹಿಡಿದೆ. ಅಲ್ಯುಮಿನಿಯಂ, ಒಂದು ಸುತ್ತು ತಡೆದುಕೊಳ್ಳುತ್ತದೆ. ಕಿಟಕಿ ಹಾಕಿ ದೀಪ ಆರಿಸಿದೆ.