ಹಸಿದ ರಾಜನಿಗೊಂದು ಎಲೆ

ತುಳುನಾಡಿನ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ಪದ್ಧತಿಯನ್ನು ದುಗ್ಗಣ್ಣ ದೋಹಾಕ್ಕೆ ಬಂದ ಮೇಲೂ ಬಿಟ್ಟಿರಲಿಲ್ಲ. ಕಂಪನಿಯ ಮೆಸ್ಸಿನಲ್ಲಿ ಇನ್ನೂರು ಜನರಿಗೆ ಬೇಯಿಸುವ ಕೈ ಅದು. 2006ರ ಆಟಿಯ ಒಂದು ಶುಕ್ರವಾರ, ರಜೆಯ ದಿನ, ಮಾತ್ರ ರೂಮಿನಲ್ಲಿ ತನ್ನವರಿಗಾಗಿ ಅಡುಗೆ ಮಾಡಿತು. ಮಲಯಾಳಿ ಅಂಗಡಿಯ ಬಾಳೆ ಎಲೆ ಅಪ್ಪನಿಗೊಂದು, ಅಮ್ಮನಿಗೊಂದು ಹಾಕಿದ. ಆಮೇಲೆ ಮೂರನೆಯದನ್ನೂ ಹಾಸಿ, ಕುಚ್ಚಲಕ್ಕಿ ಅನ್ನದ ಮೇಲೆ ಕೋಳಿ ಸಾರು ಸುರಿದ.

"ಇದು ಯಾರಿಗೆ?" ಎಂದ ರೂಮಿನ ಜೊತೆಗಾರ ರಿತೇಶ್.

"ನೀನೇ ಹೇಳಿದ್ದಲ್ಲ, ಆ ಡೆನ್ಮಾರ್ಕಿನ ರಾಜ, ಓಲುಫ್."

ರಿತೇಶನಿಗೆ ಆ ಕಥೆ ಹೇಳಿದ್ದು ಆಫೀಸಿನ ಡ್ಯಾನಿಶ್ ಇಂಜಿನಿಯರ್. ಒಂಬೈನೂರು ವರ್ಷಗಳ ಹಿಂದೆ ಓಲುಫ್ ಆಳಿದ ಕಾಲದಲ್ಲಿ ದೇಶಕ್ಕೆ ಕ್ಷಾಮ ಬಡಿದಿತ್ತು. ಅವನಿಗಿಂತ ಮೊದಲು ರಾಜನಾಗಿದ್ದ ಅಣ್ಣನನ್ನು ದಂಗೆ ಎದ್ದ ಜನ ಇಗರ್ಜಿಯೊಳಗೇ ಕೊಂದಿದ್ದರು. ಆ ಪಾಪಕ್ಕೇ ಬೆಳೆ ಹೋಯಿತೆಂದರು. ಆದರೆ 'ಹಸಿವು' ಎಂಬ ಅಡ್ಡಹೆಸರು ಅಂಟಿದ್ದು ತಮ್ಮನಿಗೆ. ಅವನನ್ನು ಹೂತದ್ದೆಲ್ಲಿ ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

"ಕೊಂದವರು ಅವರು, ಬೈಗುಳ ಇವನಿಗೆ!" ದುಗ್ಗಣ್ಣ ಸೌಟು ಕುಕ್ಕಿದ.

"ಸಮಾಧಿಯೇ ಇಲ್ಲದವ ದೋಹಾಕ್ಕೆ ದಾರಿ ಹುಡುಕಿ ಬರ್ತಾನಾ ದುಗ್ಗಣ್ಣ?"

"ನನ್ನ ಅಪ್ಪ ಎಂತ, ಪಾಸ್‌ಪೋರ್ಟ್ ಮಾಡಿಸಿ ಬರುವುದಾ?"

ಸತ್ತವರು ಸಂಕೋಚವಿಲ್ಲದೆ ಉಣ್ಣಲೆಂದು ಬಾಗಿಲು ಎಳೆದುಕೊಂಡು ಇಬ್ಬರೂ ಕಾರಿಡಾರಿನಲ್ಲಿ ನಿಂತರು. ಹತ್ತು ನಿಮಿಷ ಕಳೆಯಿತು. ಒಳಗೆ ಹೋಗುವ ಮೊದಲು ಬಾಗಿಲು ತಟ್ಟಬೇಕು. ಹೊಟ್ಟೆ ಚುರುಗುಟ್ಟುತ್ತಿದ್ದ ರಿತೇಶ್ ಕೈ ಎತ್ತಿದ. "ಸಾಕಲ್ಲ, ಖಲಾಸ್ ಆಗಿರ್ತದೆ."

ದುಗ್ಗಣ್ಣ ಆ ಕೈ ಹಿಡಿದ.

"ಇರು ಮಾರಾಯ. ಅಪ್ಪ ಅಮ್ಮನದ್ದು ಆಗಿರಬಹುದು. ಒಂಬೈನೂರು ವರ್ಷದ ಹಸಿವು ಅಷ್ಟು ಬೇಗ ಮುಗೀತದಾ?"