ಬೆಂಕಿಯ ಮುತ್ತು

“ನೋಡು, ಬೆಂಕಿ ಮತ್ತೆ ಮುತ್ತು ಕೊಟ್ಟಿದೆ,” ಎನ್ನುತ್ತ ಅಣ್ಣ ಮೆಟ್ಟಿಲಿಳಿದು ಬಂದ. ಕೆಳತುಟಿಯ ಎಡ ಅಂಚನ್ನು ನಾಲಿಗೆಯಿಂದ ಸವರುತ್ತಿದ್ದ. “ಎದ್ದಾಗಿಂದ ಚುರುಚುರು ಅಂತಿದೆ. ಇರುವೆ ಓಡಾಡಿದ ಹಾಗೆ.”

ನಾನು ನಗಲು ಹೊರಟೆ. ನಮ್ಮ ಮನೆಯಲ್ಲಿ ಇದು ಹಳೆಯ ಮಾತು. ಪ್ರಯೋಗಾಲಯಗಳಿಗೆ ಗಾಜಿನ ಪಾತ್ರೆ ಮಾಡಿಕೊಡುವುದು ನಮ್ಮ ಕಸುಬು. ಕೆಳಗೆ ಕಾರ್ಯಾಗಾರ, ಮೇಲೆ ಮನೆ. ಅಣ್ಣ ಎರಡೂ ಕೈಯಲ್ಲಿ ಗಾಜಿನ ನಳಿಗೆಯನ್ನು ಜ್ವಾಲೆಯಲ್ಲಿ ತಿರುಗಿಸುತ್ತಾನೆ. ಅದು ಮೆದುವಾದೊಡನೆ, ಅದಕ್ಕೆ ಸಿಕ್ಕಿಸಿದ ರಬ್ಬರ್ ಕೊಳವೆಯ ತುದಿ ಕಚ್ಚಿಕೊಂಡು ಊದಬೇಕು. ಅವನ ಉಸಿರು ಸಾಲದಾದಾಗ ಅದೇ ತುದಿ ನನ್ನ ಬಾಯಿಗೆ ಬರುತ್ತದೆ. ಒರೆಸುತ್ತ ಕೂತರೆ ಗಾಜು ಜೋತುಬೀಳುತ್ತದೆ ಎಂದು ಅಪ್ಪ ಹಾಕಿಕೊಟ್ಟ ಪದ್ಧತಿ. ಅಪ್ಪನ ತುಟಿಯ ಮೇಲೂ ಆಗಾಗ ಗುಳ್ಳೆ ಏಳುತ್ತಿತ್ತು. ‘ಬೆಂಕಿಯ ಮುತ್ತು’ ಎಂದು ಅದಕ್ಕೆ ಹೆಸರಿಟ್ಟವರೇ ಅವರು. ಅದು ನಮ್ಮ ತುಟಿಗೂ ಬಿದ್ದ ಮೇಲೆಯೇ ನಾವು ಕಸುಬುದಾರರಾದೆವೆಂದು ಒಪ್ಪಿಕೊಂಡಿದ್ದರು.

ನಗು ಅರ್ಧಕ್ಕೇ ನಿಂತಿತು. ನನ್ನೆದುರು ಬರ್ನರ್ ತಣ್ಣಗೆ ಕೂತಿತ್ತು.

“ಯಾವ ಬೆಂಕಿ, ಅಣ್ಣ? ಗ್ಯಾಸ್ ಪೈಪು ರಿಪೇರಿ ಅಂತ ಹೋದ ವಾರದಿಂದ ಬರ್ನರ್ ಹಚ್ಚೇ ಇಲ್ವಲ್ಲ?”

“ಕಾಫಿ ಬಿಸಿ ಇತ್ತೇನೋ.”

“ಎದ್ದಾಗಿಂದ ಅಂದೆ. ಕನಸಲ್ಲಿ ಕುಡಿದ್ಯಾ?”

“ಶುರುವಾಯ್ತು ಪ್ರೊಫೆಸರಮ್ಮನ ಪಾಠ,” ಎಂದು ಗೊಣಗಿದರೂ ಸ್ಟೂಲಿನ ಮೇಲೆ ಕೂತ.

ಗಾಜಿನಲ್ಲಿ ಕೂದಲೆಳೆಯಂಥ ಬಿರುಕು ಹುಡುಕುವ ಭೂತಗನ್ನಡಿಯನ್ನು ಅವನ ತುಟಿಗೆ ಹಿಡಿದೆ. ಚರ್ಮ ಸುಟ್ಟಿರಲಿಲ್ಲ, ಒಡೆದೂ ಇರಲಿಲ್ಲ. ಬೇಳೆಯಷ್ಟಗಲ ಕೆಂಪಾಗಿ, ಬಿಗಿದು, ಹೊಳೆಯುತ್ತಿತ್ತು. ಕಳೆದ ಚಳಿಗಾಲದಲ್ಲೂ ಇದೇ ಜಾಗ. ಅದರ ಹಿಂದಿನ ಸಲವೂ. ಬೆಂಕಿ ಪ್ರತಿ ಬಾರಿಯೂ ಗುರಿಯಿಟ್ಟು ಒಂದೇ ಕಡೆ ಸುಡುತ್ತದೆಯೇ?

ಹರ್ಪಿಸ್. ನರದೊಳಗೆ ಅವಿತಿದ್ದು, ಮತ್ತೆ ಮತ್ತೆ ಬಂದ ಜಾಗಕ್ಕೇ ಮರಳಿ, ನೀರುಗುಳ್ಳೆ ಏಳುವ ಮೊದಲೇ ಚುರುಗುಟ್ಟಿಸಿ ಸುಳಿವು ಕೊಡುವ ವೈರಸ್. ಕಾಲೇಜಿನಲ್ಲಿ ಅದನ್ನು ಓದಿ, ಚಿತ್ರ ಬರೆದು, ಅಂಕ ಪಡೆದು ಬಂದವಳು ನಾನು. ದೀಪದ ಬುಡದಲ್ಲೇ ಕತ್ತಲೆ.

ಮೇಲೆ ತೊಟ್ಟಿಲಲ್ಲಿ ಅಣ್ಣನ ಮಗಳಿದ್ದಳು. ಹುಟ್ಟಿ ಎರಡು ವಾರವೂ ತುಂಬಿರಲಿಲ್ಲ. ದೊಡ್ಡವರಿಗೆ ಬರೀ ಗುಳ್ಳೆಯಾಗಿ ಹೋಗುವುದು ಅಷ್ಟು ಎಳೆಗೂಸಿನಲ್ಲಿ ಮಿದುಳಿನವರೆಗೂ ಹರಡಬಲ್ಲದು.

“ಬೆಳಿಗ್ಗೆ ಮಗೂಗೆ ಮುತ್ತು ಕೊಟ್ಯಾ?”

“ಕೊಡದೆ ಇರ್ತೀನಾ? ಎದ್ದ ತಕ್ಷಣ...” ನನ್ನ ಮುಖ ನೋಡಿ ಮಾತು ನಿಲ್ಲಿಸಿದ. ವೈರಸ್ಸಿನ ಸಂಗತಿ ಹೇಳಿದೆ. ಅವನು ಸ್ಟೂಲಿನಿಂದ ಎದ್ದ. “ಎಲ್ಲಿಗೆ ಕೊಟ್ಟೆ ಅಂತ ನೆನಪಿಲ್ಲ ಕಣೇ. ನಿದ್ದೆಗಣ್ಣಲ್ಲಿದ್ದೆ.”

ಇಬ್ಬರೂ ಮೇಲಕ್ಕೆ ಓಡಿದೆವು. ಅವನು ಬಾಗಿಲಲ್ಲೇ ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟ.

“ಮೆಟ್ಟಿಲು ಮುರಿಯೋ ಹಾಗೆ ಬರ್ತೀರಲ್ಲ, ಈಗ ತಾನೇ ಮಲಗಿದ್ದಾಳೆ,” ಎಂದರು ಅತ್ತಿಗೆ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಮಗುವನ್ನು ತೊಟ್ಟಿಲಿಂದೆತ್ತಿ ಎದೆಗೊತ್ತಿಕೊಂಡು, ಬಾಗಿಲ ಕಡೆ ನೋಡಿ, ಬೆಳಗಿನದನ್ನು ನೆನಪಿಗೆ ತಂದುಕೊಂಡರು.

“ಇವತ್ತು ಇವಳು ನನ್ನ ಈ ಮಗ್ಗುಲಲ್ಲಿದ್ಲು,” ಎಂದರು ನಿಧಾನವಾಗಿ. “ನೀವು ಆ ಕಡೆಯಿಂದ ಬಂದ್ರಿ. ಕಣ್ಣು ಮುಚ್ಚಿಕೊಂಡು ಮುತ್ತು ಕೊಟ್ಟಿದ್ದು ದಿಂಬಿಗೆ. ‘ನನ್ನ ಬಂಗಾರ’ ಅಂತ ಬೇರೆ ಅಂದ್ರಿ. ನಾನು ನಕ್ಕಿದ್ದೂ ಕೇಳಿಸಲಿಲ್ಲ ನಿಮಗೆ.”

ಅಣ್ಣ ಗೋಡೆಗೊರಗಿ ಕೂತ. ನಕ್ಕನೋ ಅತ್ತನೋ, ಕೈ ಅಡ್ಡವಿದ್ದುದರಿಂದ ತಿಳಿಯಲಿಲ್ಲ.

ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದೆವು. ಮುತ್ತು ಬಿದ್ದದ್ದು ದಿಂಬಿಗಾದರೂ ಸರಿ, ಇವತ್ತೇ ಮಗುವನ್ನು ತೋರಿಸಿ ಎಂದರು. ಜ್ವರ ಬಂದರೆ, ಹಾಲು ಬಿಟ್ಟರೆ, ಮೈಮೇಲೆ ಗುಳ್ಳೆ ಕಂಡರೆ ಒಂದು ಗಳಿಗೆಯೂ ತಡಮಾಡಬಾರದು. ಹಕ್ಕಳೆ ಉದುರಿ ಚರ್ಮ ಪೂರ್ತಿ ವಾಸಿಯಾಗುವವರೆಗೆ ಅಣ್ಣ ಮಗುವಿಗೆ ಮುತ್ತು ಕೊಡುವಂತಿಲ್ಲ, ಕೈ ತೊಳೆಯದೆ ಮುಟ್ಟುವಂತಿಲ್ಲ.

“ಕೇಳಿಸ್ತಲ್ಲ? ಅಲ್ಲಿಯವರೆಗೆ ದಿಂಬೇ ನಿಮ್ಮ ಬಂಗಾರ,” ಎಂದು ಅತ್ತಿಗೆ ಕಣ್ಣೊರೆಸಿಕೊಂಡರು. ಹೋದ ಜೀವ ಬಂದ ಮುಖದಲ್ಲಿ ನನ್ನತ್ತ ತಿರುಗಿದರು. “ನೀನಾದರೂ ಹಿಡ್ಕೊಳ್ಳೇ. ನಾನು ಬಟ್ಟೆ ಬದಲಾಯಿಸಿ ಬರ್ತೀನಿ, ಹೊರಡೋಣ.”

ನಾನು ಕೈ ಚಾಚಿದೆ. ಬೆಚ್ಚಗಿನ ಪುಟ್ಟ ತಲೆ ಅಂಗೈಗೆ ಇನ್ನೇನು ತಾಕಬೇಕು, ಆಗ ಆ ಒಂದೇ ಕೊಳವೆಯ ತುದಿ ನೆನಪಾಯಿತು. ಅಪ್ಪನಿಂದ ಅಣ್ಣನಿಗೆ, ಅಣ್ಣನಿಂದ ನನಗೆ. ನಾನು ಕಸುಬುದಾರಳಾದ ದಿನ ಕನ್ನಡಿಯಲ್ಲಿ ಹೆಮ್ಮೆಯಿಂದ ನೋಡಿಕೊಂಡ ಆ ಗುಳ್ಳೆ. ನಾಲಿಗೆ ತಾನಾಗಿ ಮೇಲ್ತುಟಿಯ ಮೂಲೆಗೆ ಹೋಯಿತು. ಅಲ್ಲೇನೋ ಚುರುಗುಟ್ಟಿದಂತಾಯಿತು. ಭಯಕ್ಕೋ, ನಿಜಕ್ಕೋ?

ಕೈ ಹಿಂದಕ್ಕೆಳೆದುಕೊಂಡೆ.

“ಯಾಕೇ?” ಎಂದರು ಅತ್ತಿಗೆ.

“ನೀವೇ ಹಿಡ್ಕೊಂಡಿರಿ ಅತ್ತಿಗೆ,” ಎಂದೆ. “ಅಣ್ಣ, ಕೆಳಗೆ ಹೋಗಿ ಆ ಭೂತಗನ್ನಡಿ ತಗೊಂಡ್ ಬಾ.”